ಜಾತ್ರೆಯ ಗಾಳಿಮನೆ ಮತ್ತು ನಿಮ್ಮ ಮಗು

(ಬೆಂಗಳೂರಿನ ವಿಜಯನಗರದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಮಾಗಡಿ, ತಾವರೆಕೆರೆ, ರಾಮೋಹಳ್ಳಿ, ಕುಂಬಳಗೋಡು ಮೊದಲಾದ ಕಡೆಗಳಿಂದ ಹೊಲಮನೆಗಳ ಕೆಲಸವನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು ಇಲ್ಲಿಗೆ ಬಂದಿದ್ದೀರಿ. ಕುಟುಂಬ ಕಲ್ಯಾಣದ ಸಭೆಯೆಂದರೆ ಮಕ್ಕಳು ಎಷ್ಟಿರಬೇಕು, ಎಷ್ಟು ಅಂತರದಲ್ಲಿರಬೇಕು ಎಂಬ ಮಾತೇ ನಡೆಯುವುದೆಂದು ನೀವು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆ ವಿಷಯವನ್ನು ನಮ್ಮ ಆರೋಗ್ಯ ಸಹಾಯಕಿಯರು ಆಗಲೇ ನಿಮಗೆ ವಿವರಿಸಿದ್ದಾರೆ. ನಾನು ಇಂದು ಹುಟ್ಟಿ ಬೆಳೆದು ಓಡಾಡುತ್ತಿರುವ ಮಕ್ಕಳನ್ನು ಕುರಿತು ಒಂದೆರಡು ಮಾತು ಹೇಳಬಯಸುತ್ತೇನೆ. ಒಂದೋ ಎರಡೋ ಮಕ್ಕಳು ಸಾಕೆಂದು ನಿರ್ಧರಿಸಿದ ತಂದೆತಾಯಿಗಳಿಗೆ ಆ ಮಕ್ಕಳ ಕೈಕಾಲು, ತಲೆ, ಕುತ್ತಿಗೆ ನೆಟ್ಟಗಿರುವಂತೆ ನೋಡಿಕೊಳ್ಳುವುದೂ ಕುಟುಂಬ ಕಲ್ಯಾಣದ ಕೆಲಸವೇ ಅಲ್ಲವೆ?

ಮೂರು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆಗೆಂದು ಚಿಕ್ಕಮ್ಮನ ಮನೆಗೆ ಬಂದಿದ್ದ ಆರು ವರ್ಷದ ಬಾಲಕನೊಬ್ಬನನ್ನು ಅವನ ತಂದೆ ಹೆಗಲ ಮೇಲೆ ಹೊತ್ತು ನನ್ನ ಬಳಿಗೆ ತಂದರು. ವಸ್ತುಪ್ರದರ್ಶನದ ಮೈದಾನದಲ್ಲಿ, ಗಾಳಿ ತುಂಬಿ ನಿಲ್ಲಿಸುವ ಆ ದೊಡ್ಡ ಬಣ್ಣದ ಮನೆಯಲ್ಲಿ, ಅವನು ಕುಣಿಯುತ್ತಿದ್ದಾಗ ದೊಡ್ಡ ಹುಡುಗನೊಬ್ಬ ಪಕ್ಕದಲ್ಲಿ ಹಾರಿ ಬಿದ್ದನಂತೆ. ಇವನು ಚೆಂಡಿನಂತೆ ಮೇಲೆ ಚಿಮ್ಮಿ, ಬಾಗಿಲ ಹೊರಗೆ ಕೈ ಊರಿ ನೆಲಕ್ಕೆ ಬಿದ್ದನಂತೆ. ಮೊಳಕೈ ಊದಿತು. ಮನೆಯವರು ಉಳುಕೆಂದು ಎಣಿಸಿ ಎಣ್ಣೆ ಹಚ್ಚಿ ನೀವಿಸಿದರು. ಮರುದಿನ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿದರು. ಮೂರನೆಯ ದಿನ ನನ್ನಲ್ಲಿಗೆ ಬಂದಾಗ ಆ ಬಾಲಕನ ಬೆರಳುಗಳು ತಣ್ಣಗಾಗಿ ಬೂದುಬಣ್ಣಕ್ಕೆ ತಿರುಗಿದ್ದವು. ಆ ಕೈಯ ಸಂಗತಿಗೆ ಮತ್ತೆ ಬರುತ್ತೇನೆ.

ಗಾಳಿಮನೆ ಎಂದು ನಾನು ಕರೆಯುತ್ತಿರುವ ಈ ಸಾಧನಕ್ಕೆ ಜಾತ್ರೆಯಲ್ಲಿ ಜಂಪಿಂಗ್ ಎಂದೋ ಬೌನ್ಸಿ ಎಂದೋ ಹೆಸರು. ಕೋಟೆಯ ಆಕಾರ, ಆನೆಯ ಆಕಾರ, ಜಾರುಬಂಡೆಯ ಆಕಾರ, ಹೀಗೆ ನಾನಾ ರೂಪಗಳಲ್ಲಿ ಇದನ್ನು ಕಾಣುತ್ತೀರಿ. ಮೊದಲು ನಗರದ ಹುಟ್ಟುಹಬ್ಬಗಳಲ್ಲಿ ಮಾತ್ರ ಇದ್ದ ಇದು ಈಗ ಮಾಗಡಿ ರಂಗನಾಥಸ್ವಾಮಿಯ ತೇರಿನಂತಹ ಜಾತ್ರೆಗಳಿಗೂ, ಊರ ಹಬ್ಬಕ್ಕೂ, ಶಾಲೆಯ ವಾರ್ಷಿಕೋತ್ಸವಕ್ಕೂ ಬಂದಿದೆ. ಮಕ್ಕಳಿಗೆ ಇದರಲ್ಲಿ ಸಂತೋಷವಿದೆ, ವ್ಯಾಯಾಮವಿದೆ. ಆದುದರಿಂದ ಇದನ್ನು ನಿಷೇಧಿಸಿರೆಂದು ನಾನು ಹೇಳಲಾರೆ. ಆದರೆ ಮೆತ್ತಗಿರುವುದರಿಂದ ಇದರಲ್ಲಿ ಪೆಟ್ಟಾಗುವುದಿಲ್ಲವೆಂಬ ನಂಬಿಕೆ ತಪ್ಪು. ಅಮೆರಿಕದಲ್ಲಿ 1990ರಿಂದ 2010ರವರೆಗೆ ಗಾಳಿಮನೆಗಳಲ್ಲಿ ಪೆಟ್ಟು ತಿಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮಕ್ಕಳನ್ನು ಲೆಕ್ಕ ಹಾಕಿದಾಗ ಅವರ ಸಂಖ್ಯೆ 64 ಸಾವಿರವನ್ನು ಮೀರಿತ್ತು. ಅವರಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಕ್ಕಳ ಮೂಳೆ ಮುರಿದಿತ್ತು. 2010ನೇ ವರ್ಷವೊಂದರಲ್ಲೇ ದಿನಕ್ಕೆ ಸುಮಾರು 31 ಮಕ್ಕಳು ಹೀಗೆ ತುರ್ತು ವಿಭಾಗಕ್ಕೆ ಬಂದರು.

ಈ ಮನೆಗೆ ಕಂಬವಿಲ್ಲ, ತೊಲೆಯಿಲ್ಲ. ಹಿಂಬದಿಯಲ್ಲಿ ವಿದ್ಯುತ್ತಿನಿಂದ ಓಡುವ ಒಂದು ಊದುಯಂತ್ರ ಎಡೆಬಿಡದೆ ಗಾಳಿಯನ್ನು ಒಳಗೆ ತಳ್ಳುತ್ತಿರುತ್ತದೆ. ಹೊಲಿಗೆಯ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತಲೇ ಇರುತ್ತದೆ. ಒಳಗೆ ಬರುವುದು ನಿಂತರೆ ಮನೆ ಕುಸಿಯುತ್ತದೆ. ಮೈ ಬಲು ದೊಡ್ಡದು, ತೂಕ ಬಲು ಕಡಿಮೆ. ಇಂತಹ ವಸ್ತುವಿಗೆ ಗಾಳಿ ಏನು ಮಾಡಬಲ್ಲುದೆಂಬುದನ್ನು ನಗರದವರಿಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಕಣದಲ್ಲಿ ಹರಡಿದ ಟಾರ್ಪಾಲನ್ನು ಮಳೆಗಾಳಿ ಎತ್ತಿಕೊಂಡು ಹೋದುದನ್ನು ನೋಡದ ರೈತನಿಲ್ಲ.

ಆಸ್ಟ್ರೇಲಿಯಾಕ್ಕೆ ಸೇರಿದ ಟಾಸ್ಮೇನಿಯಾ ದ್ವೀಪದ ಡೆವನ್‌ಪೋರ್ಟ್ ಎಂಬ ಊರಿನಲ್ಲಿ, 2021ರ ಡಿಸೆಂಬರ್ 16ರಂದು, ಪ್ರಾಥಮಿಕ ಶಾಲೆಯೊಂದರ ಮಕ್ಕಳು ವರ್ಷದ ಕೊನೆಯ ಸಂಭ್ರಮದಲ್ಲಿ ಗಾಳಿಮನೆಯೊಳಗೆ ಆಡುತ್ತಿದ್ದರು. ದಿಢೀರನೆ ಎದ್ದ ಒಂದು ಸುಂಟರಗಾಳಿ ಆ ಮನೆಯನ್ನು ಮಕ್ಕಳ ಸಮೇತ ಮೇಲಕ್ಕೆತ್ತಿತು. ಆರು ಮಕ್ಕಳು ತೀರಿಕೊಂಡರು. ಆ ಮನೆಗೆ ಗೂಟ ಕಟ್ಟಲು ಎಂಟು ಕಡೆ ಜಾಗವಿತ್ತು. ಅಂದು ಗೂಟ ಹೊಡೆದದ್ದು ನಾಲ್ಕು ಕಡೆ ಮಾತ್ರ. ಮುಂದೆ 2025ರಲ್ಲಿ ನ್ಯಾಯಾಲಯವು ಅಂತಹ ಸುಂಟರಗಾಳಿಯನ್ನು ಯಾರೂ ಮುಂಗಾಣಲಾಗುತ್ತಿರಲಿಲ್ಲವೆಂದು ಅದನ್ನು ನಡೆಸಿದವರನ್ನು ಬಿಡುಗಡೆ ಮಾಡಿತು. ತಪ್ಪು ಯಾರದೆಂಬ ತೀರ್ಮಾನ ನ್ಯಾಯಾಲಯದ್ದು. ಆದರೆ ಫಾಲ್ಗುಣ, ಚೈತ್ರಗಳ ಮಧ್ಯಾಹ್ನದಲ್ಲಿ ಒಣ ಬಯಲಿನ ಮೇಲೆ ಧೂಳನ್ನೂ ತರಗೆಲೆಯನ್ನೂ ಸುತ್ತಿಕೊಂಡು ಏಳುವ ಸುಂಟರಗಾಳಿ ನಮಗೆ ಹೊಸದೇ? ಕೆಲವು ಊರುಗಳಲ್ಲಿ ಅದನ್ನು ದೆವ್ವಗಾಳಿ ಎನ್ನುತ್ತಾರೆ. ಜಾತ್ರೆಗಳು ಕೂಡುವುದೂ ಅದೇ ದಿನಗಳಲ್ಲಿ, ಅಂತಹದೇ ಬಯಲುಗಳಲ್ಲಿ.

ಇಂಗ್ಲೆಂಡಿನ ಹಾರ್ಲೋ ಎಂಬಲ್ಲಿ 2016ರ ಮಾರ್ಚಿಯಲ್ಲಿ ಇನ್ನೊಂದು ದುರಂತ ನಡೆಯಿತು. ಏಳು ವರ್ಷದ ಬಾಲಕಿ ಒಳಗಿದ್ದಂತೆಯೇ ಗಾಳಿಮನೆ ಗೂಟ ಕಿತ್ತುಕೊಂಡು ಸುಮಾರು 300 ಮೀಟರು ದೂರ ಉರುಳಿಕೊಂಡು ಹೋಯಿತು. ಮಗು ಉಳಿಯಲಿಲ್ಲ. ಬಿರುಗಾಳಿಯ ಮುನ್ಸೂಚನೆ ಅಲ್ಲಿ ಮೊದಲೇ ಬಂದಿತ್ತು. ಸರಿಯಾಗಿ ಕಟ್ಟದೆ, ಹವೆಯನ್ನು ಗಮನಿಸದೆ ನಡೆಸಿದ ಇಬ್ಬರಿಗೆ 2018ರಲ್ಲಿ ಮೂರು ಮೂರು ವರ್ಷಗಳ ಸೆರೆವಾಸವಾಯಿತು. ಜಾರ್ಜಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2000ದಿಂದ 2021ರವರೆಗೆ ಜಗತ್ತಿನಾದ್ಯಂತ ಗಾಳಿಯಿಂದಲೇ ಉಂಟಾದ ಇಂತಹ 132 ಅಪಘಾತಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಕನಿಷ್ಠ 28 ಮಂದಿ ಸತ್ತು 479 ಮಂದಿ ಗಾಯಗೊಂಡರು.

ಬ್ರಿಟನ್ನಿನ ನಿಯಮದ ಪ್ರಕಾರ ಗಾಳಿಯ ವೇಗ ಗಂಟೆಗೆ 38 ಕಿಲೋಮೀಟರು ಮೀರಿದರೆ ಗಾಳಿಮನೆಯನ್ನು ಬಳಸಕೂಡದು. ಜಾತ್ರೆಯಲ್ಲಿ ವೇಗ ಅಳೆಯುವ ಉಪಕರಣ ಎಲ್ಲಿಂದ ಬರಬೇಕು? ಕಣ್ಣಳತೆ ಸಾಕು. ನೆಲದ ಧೂಳೂ ಚೂರು ಕಾಗದವೂ ಮೇಲೇಳುತ್ತಿದ್ದರೆ ಎಚ್ಚರ ವಹಿಸಿರಿ. ಸಣ್ಣ ಮರಗಳು ಬುಡಸಹಿತ ತೂಗಾಡತೊಡಗಿದರೆ ಮಗುವನ್ನು ತತ್‌ಕ್ಷಣ ಇಳಿಸಿರಿ. ನಿಮಗಾಗಿ ಇನ್ನೂ ಸುಲಭವಾದ ಒಂದು ಗುರುತನ್ನು ಹೇಳುತ್ತೇನೆ. ರಾಶಿ ತೂರುವುದಕ್ಕೆ ಇದು ಒಳ್ಳೆಯ ಗಾಳಿಯೆಂದು ನಿಮ್ಮ ಮನಸ್ಸಿಗೆ ತೋರಿದರೆ, ಗಾಳಿಮನೆಯ ಮಟ್ಟಿಗೆ ಅದು ಅನುಮಾನಿಸಬೇಕಾದ ಗಾಳಿ. ಬೆಂಗಳೂರಿನ ಸುತ್ತಮುತ್ತ ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯ ಮಳೆಗೆ ಮುಂಚೆ ಬೀಸುವ ಗಾಳಿ ಹೇಳಿಕೇಳಿ ಬರುವುದಿಲ್ಲ. ಪಡುವಣದಲ್ಲಿ ಮೋಡ ಕಪ್ಪಿಟ್ಟು ತಂಪು ಗಾಳಿ ಮುಖಕ್ಕೆ ತಟ್ಟಿದೊಡನೆಯೇ ಆಟ ಮುಗಿಯತಕ್ಕದ್ದು. ಹಣ ಕೊಟ್ಟು ಐದು ನಿಮಿಷವೂ ಆಗಿಲ್ಲವೆಂದು ತಂದೆಯರು ಲೆಕ್ಕ ಹಾಕುವುದುಂಟು. ಆ ಐವತ್ತು ರೂಪಾಯಿಯನ್ನು ಮರೆತುಬಿಡಿರಿ.

ಗಾಳಿಯನ್ನು ನೋಡಿದ ಮೇಲೆ ಗೂಟವನ್ನು ನೋಡಿರಿ. ಇದರಲ್ಲಿ ನೀವು ಯಾವ ಇಂಜಿನಿಯರಿಗೂ ಕಡಿಮೆಯವರಲ್ಲ. ಹೋರಿಯನ್ನು ಕಟ್ಟುವ ಗೂಟವನ್ನು ಯಾವ ಕಡೆಗೆ ಓರೆ ಮಾಡಿ ಹೊಡೆಯಬೇಕು, ಎಷ್ಟು ಆಳ ಇಳಿಸಬೇಕು ಎಂಬುದು ನಿಮಗೆ ಬಾಲ್ಯದಿಂದ ಬಂದ ವಿದ್ಯೆ. ಬ್ರಿಟನ್ನಿನ ನಿಯಮದಂತೆ ಗಾಳಿಮನೆಗೆ ಕನಿಷ್ಠ ಆರು ಕಡೆ ಕಟ್ಟಿರಬೇಕು. ಒಂದೊಂದು ಕಬ್ಬಿಣದ ಗೂಟವೂ 38 ಸೆಂಟಿಮೀಟರು, ಎಂದರೆ ಮೊಳಕ್ಕೆ ತುಸು ಕಡಿಮೆ, ಉದ್ದವಿರಬೇಕು. ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದು ಎಣಿಸಿ ನೋಡಿರಿ. ಹಗ್ಗ ಸಡಿಲವಾಗಿದೆಯೇ, ಗೂಟ ಕಾಲಿನಿಂದ ಒತ್ತಿದರೆ ಅಲ್ಲಾಡುತ್ತದೆಯೇ, ಮಳೆಯಿಂದ ಮಣ್ಣು ಮೆತ್ತಗಾಗಿದೆಯೇ? ನಗರದ ಮೈದಾನಗಳಲ್ಲಿ ಇನ್ನೊಂದು ತೊಡಕಿದೆ. ಕಾಂಕ್ರೀಟು, ಡಾಂಬರು ಇರುವಲ್ಲಿ ಗೂಟ ಇಳಿಯುವುದಿಲ್ಲ. ಆಗ ನಾಲ್ಕು ಇಟ್ಟಿಗೆಗೋ, ಪಕ್ಕದ ಅಂಗಡಿಯ ಬೊಂಬಿಗೋ ಹಗ್ಗ ಕಟ್ಟಿ ಕೈ ತೊಳೆದುಕೊಳ್ಳುವವರಿದ್ದಾರೆ. ಗೂಟವಿಲ್ಲದ ಕಡೆ ಪ್ರತಿಯೊಂದು ಹಗ್ಗಕ್ಕೂ 163 ಕಿಲೋಗ್ರಾಂ ಭಾರವಿರಬೇಕೆಂದು ಅದೇ ನಿಯಮ ಹೇಳುತ್ತದೆ. ಮೂರು ಸಿಮೆಂಟು ಮೂಟೆಗಳನ್ನು ಒಟ್ಟಿದರೂ ಅಷ್ಟು ತೂಕ ತುಂಬುವುದಿಲ್ಲ. ಒಂದು ಮರಳಿನ ಚೀಲ ಕಂಡರೆ ಸಮಾಧಾನಪಟ್ಟುಕೊಳ್ಳಬೇಡಿರಿ.

ವಿದ್ಯುತ್ತಿನ ವಿಷಯ. ಊದುಯಂತ್ರದ ತಂತಿ ನೀರಿನಲ್ಲಿ ಅಥವಾ ಜನರ ಕಾಲ್ದಾರಿಯಲ್ಲಿ ಬಿದ್ದಿರಬಾರದು. ಸೀರೆಯ ಸೆರಗು, ಜಡೆ, ಮಕ್ಕಳ ಬೆರಳು ಯಂತ್ರದ ಬಾಯಿಗೆ ಸಿಗದಂತೆ ಅಡ್ಡ ಜಾಲರಿ ಇರಬೇಕು. ಡೀಸೆಲ್ ಜನರೇಟರಿನ ಹೊಗೆಯನ್ನು ಊದುಯಂತ್ರ ಎಳೆದುಕೊಳ್ಳುವಂತಿರಕೂಡದು. ಆ ಹೊಗೆ ವಿಷ. ಕರೆಂಟು ಹೋಗುವುದಂತೂ ನಮಗೆ ಹೊಸ ಸಂಗತಿಯಲ್ಲ. ಹೋದೊಡನೆ ಗೋಡೆಗಳು ಬಾಗತೊಡಗುತ್ತವೆ. ಬಾಗಿಲ ಬಳಿ ಇರುವ ದೊಡ್ಡವರು ಆ ದ್ವಾರವನ್ನು ಕೈಯಿಂದ ಎತ್ತಿ ಹಿಡಿದು, ಒಬ್ಬೊಬ್ಬರನ್ನಾಗಿ ಮಕ್ಕಳನ್ನು ಹೊರಗೆ ಕರೆಯಬೇಕು. ಕೂಗಾಡಿದರೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಬಟ್ಟೆಯ ಅಡಿ ಸಿಕ್ಕಿಕೊಂಡ ಸಣ್ಣ ಮಗುವಿನ ಮೇಲೆ ದೊಡ್ಡ ಮಕ್ಕಳು ಬೀಳುತ್ತಾರೆ. ಹೊರಗೆ ಬಂದವರ ತಲೆಯೆಣಿಕೆ ಮಾಡಿರಿ.

ಇನ್ನು ಒಳಗೆ ಆಡುವ ಮಕ್ಕಳ ವಿಚಾರ. ಆಸ್ಪತ್ರೆಗೆ ಬರುವ ಗಾಯಗಳಲ್ಲಿ ಹೆಚ್ಚಿನವು ಗಾಳಿಯಿಂದ ಆದವಲ್ಲ, ಬೀಳುವುದರಿಂದಲೂ ಒಬ್ಬರ ಮೇಲೊಬ್ಬರು ಬೀಳುವುದರಿಂದಲೂ ಆದವು. ಹತ್ತು ಹನ್ನೆರಡು ವರ್ಷದ ಹುಡುಗ ಹಾರಿ ಇಳಿದಾಗ ಅವನ ಭಾರಕ್ಕೆ ತಗ್ಗಿದ ಹಾಸು ಮತ್ತೆ ಮೇಲೇಳುತ್ತದೆ. ಆ ಘಳಿಗೆಯಲ್ಲಿ ಪಕ್ಕದಲ್ಲಿರುವ ನಾಲ್ಕು ವರ್ಷದ ಮಗು ತನ್ನ ಶಕ್ತಿಯಿಂದಲ್ಲ, ಅವನ ಶಕ್ತಿಯಿಂದ ಮೇಲಕ್ಕೆ ಎಸೆಯಲ್ಪಡುತ್ತದೆ. ಹೇಗೆ ಇಳಿಯಬೇಕೆಂಬುದು ಅದರ ಕೈಯಲ್ಲಿರುವುದಿಲ್ಲ. ಆದುದರಿಂದ ಮೂರು ವರ್ಷ ತುಂಬದ ಮಗುವನ್ನು ಒಳಗೆ ಬಿಡಲೇಬೇಡಿರಿ. ಆರು ವರ್ಷದೊಳಗಿನವರನ್ನು ತಮ್ಮಷ್ಟೇ ಗಾತ್ರದ ಮಕ್ಕಳೊಂದಿಗೆ, ಅದೂ ಮೂರು ನಾಲ್ಕು ಮಂದಿಯಷ್ಟೇ ಇರುವಾಗ, ಬಿಡಬಹುದು. ತಲೆಕೆಳಗಾಗಿ ಲಾಗ ಹಾಕುವ ಹುಡುಗನೊಬ್ಬ ಒಳಗಿದ್ದರೆ ನಿಮ್ಮ ಮಗುವನ್ನು ಕರೆದುಕೊಂಡು ಬನ್ನಿರಿ. ಅವನ ಕುತ್ತಿಗೆಗೂ ಅಪಾಯ, ನಿಮ್ಮ ಮಗುವಿನ ಮುಖಕ್ಕೂ ಅಪಾಯ. ಚಿಕ್ಕದು ಹೆದರುತ್ತದೆಂದು ಅದನ್ನು ಎತ್ತಿಕೊಂಡು ತಂದೆಯೇ ಒಳಗೆ ಹೋಗಿ ಕುಣಿಯುವುದನ್ನು ನಾನು ನೋಡಿದ್ದೇನೆ. ಅರವತ್ತು ಎಪ್ಪತ್ತು ಕಿಲೋಗ್ರಾಂ ತೂಕದ ಮನುಷ್ಯ ಜಾರಿ ಮಗುವಿನ ಕಾಲಿನ ಮೇಲೆ ಕುಳಿತರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಬಾಗಿಲಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರು ನಿಂತಿರಲೇಬೇಕು. ಟಿಕೆಟು ಹರಿಯುವ ಹುಡುಗನ ಕಣ್ಣು ಸಾಲಿನ ಮೇಲಿರುತ್ತದೆ, ಒಳಗಲ್ಲ. ತಾಯಿ ಬಳೆ ಅಂಗಡಿಗೆ, ತಂದೆ ಪರಿಚಯದವರೊಡನೆ ಕಾಫಿಗೆ ಹೋಗಿ, ಎಂಟು ವರ್ಷದ ಅಕ್ಕನನ್ನು ಕಾವಲಿಗೆ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಅಕ್ಕನೂ ಮಗುವೇ. ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸವೆಂದು ಗಂಡಂದಿರು ದೂರ ನಿಲ್ಲುವುದೂ ಸರಿಯಲ್ಲ. ಗೂಟ ಹಗ್ಗಗಳ ಪರೀಕ್ಷೆ ಯಜಮಾನರದಾದರೆ, ಮಗುವಿನ ಮೈಮೇಲಿನ ವಸ್ತುಗಳನ್ನು ತೆಗೆದಿರಿಸುವುದು ತಾಯಂದಿರದಾಗಲಿ. ಚಪ್ಪಲಿ, ಕನ್ನಡಕ, ಬಳೆ, ಕಾಲ್ಗೆಜ್ಜೆ, ಕೊರಳ ಸರ, ಜಡೆಯ ಕ್ಲಿಪ್ಪು, ದುಪಟ್ಟಾ ಎಲ್ಲವೂ ಹೊರಗಿರಲಿ. ಅಂಗಿಗೆ ಚುಚ್ಚಿದ ಪಿನ್ನನ್ನು ಮರೆಯುವವರೇ ಹೆಚ್ಚು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಹಾಸನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿರಿ. ಕಾದ ಹೆಂಚಿನಂತಿದ್ದರೆ ಮಗುವಿನ ಪಾದ ಬೊಬ್ಬೆಯೇಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಇಳಿಸಿ ನೀರು ಕುಡಿಸಿರಿ.

ಬಾಯಲ್ಲಿ ಏನೂ ಇರಬಾರದು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕಾರ್ತಿಕದ ಕೊನೆಯ ಸೋಮವಾರ ಹೋಗಿಬರುವವರು ನಿಮ್ಮಲ್ಲೂ ಇರಬಹುದು. ಕಡಲೆಕಾಯಿ ತಿನ್ನುತ್ತಾ ಕುಣಿಯುವ ಮಗು ಉಸಿರೆಳೆದಾಗ ಬೀಜ ಶ್ವಾಸನಾಳಕ್ಕೆ ಇಳಿಯುತ್ತದೆ. ಎಕ್ಸರೇ ಚಿತ್ರದಲ್ಲಿ ಕಡಲೆಬೀಜ ಕಾಣುವುದಿಲ್ಲ. ಅದರ ಎಣ್ಣೆಯಿಂದ ಶ್ವಾಸಕೋಶ ಕೆರಳುತ್ತದೆ. ಜಾತ್ರೆಯಿಂದ ಬಂದ ಮೇಲೆ ಕೆಮ್ಮು ಬಿಡದೆ, ಎದೆಯಲ್ಲಿ ಸುಯ್ಯೆಂಬ ಸದ್ದಿದ್ದರೆ ನೆಗಡಿಯೆಂದು ಕಷಾಯ ಕೊಟ್ಟುಕೊಂಡು ಕೂರಬೇಡಿರಿ, ಕಡಲೆಕಾಯಿ ತಿಂದ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ. ಹಾಗೆ ನೋಡಿದರೆ ನಾಲ್ಕೈದು ವರ್ಷದೊಳಗಿನ ಮಗುವಿಗೆ ಇಡೀ ಬೀಜವನ್ನು ಕೊಡುವುದೇ ಬೇಡ, ಕುಟ್ಟಿ ಪುಡಿ ಮಾಡಿ ಬೆಲ್ಲದೊಡನೆ ಕೊಡಿರಿ.

ನೀರಿನ ಮೇಲೆ ಉರುಳುವ ಗಾಜಿನಂತಹ ದೊಡ್ಡ ಚೆಂಡೊಂದು ಈಚೆಗೆ ಪ್ರದರ್ಶನಗಳಲ್ಲಿ ಕಾಣಿಸುತ್ತಿದೆ. ಮಗುವನ್ನು ಒಳಗೆ ಕೂರಿಸಿ ಹೊರಗಿನಿಂದ ಮುಚ್ಚುತ್ತಾರೆ. ಒಳಗಿನಿಂದ ತೆರೆಯಲಾಗುವುದಿಲ್ಲ, ಹೊಸ ಗಾಳಿ ಬರುವುದಿಲ್ಲ. ಉಸಿರುಕಟ್ಟುವ ಹಾಗೂ ಮುಳುಗುವ ಅಪಾಯವಿದೆಯೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2011ರಲ್ಲೇ ಎಚ್ಚರಿಸಿದೆ. ಗಾಳಿಮನೆಗೆ ಷರತ್ತುಗಳ ಮೇಲೆ ಒಪ್ಪಿಗೆ ಕೊಟ್ಟೆ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ.

ತಾಯಂದಿರಿಗೆ ಒಂದು ಮಾತು. ಗರ್ಭಿಣಿಯರು ಗಾಳಿಮನೆಯೊಳಗೆ ಕಾಲಿಡಕೂಡದು. ಸಂತಾನಶಕ್ತಿಹರಣ ಶಸ್ತ್ರಕ್ರಿಯೆ ಮಾಡಿಸಿಕೊಂಡು ವಾರ ಕಳೆಯದವರು, ಹಠ ಮಾಡುವ ಮಗುವನ್ನು ಎತ್ತಿ ಹತ್ತಿಸುವ ಇಳಿಸುವ ಕೆಲಸವನ್ನು ಪತಿಗೆ ಬಿಡಬೇಕು. ಹೊಲಿಗೆಗೆ ಭಾರ ತಾಕಬಾರದು.

ಈಗ ಬಿದ್ದ ಮೇಲೆ ಏನು ಮಾಡಬೇಕೆಂಬುದು. ಮಗು ತಲೆ ಅಥವಾ ಕುತ್ತಿಗೆ ಊರಿ ಬಿದ್ದು ಕುತ್ತಿಗೆ ನೋವೆಂದರೆ, ಕೈಕಾಲು ಜೋಮು ಹಿಡಿದಿದೆ ಎಂದರೆ, ಅದನ್ನು ಎತ್ತಿ ಕೂರಿಸಬೇಡಿರಿ, ಅಲುಗಾಡಿಸಬೇಡಿರಿ. ಇತರ ಮಕ್ಕಳನ್ನು ಇಳಿಸಿ, ತಲೆ ಅತ್ತಿತ್ತ ಹೊರಳದಂತೆ ಎರಡೂ ಕೈಗಳಿಂದ ಹಿಡಿದುಕೊಂಡು 108ಕ್ಕೆ ಫೋನು ಮಾಡಿಸಿರಿ. ಆರೋಗ್ಯ ಕವಚದ ಈ ವಾಹನಕ್ಕೆ ಹಣ ಕೊಡಬೇಕಾಗಿಲ್ಲ. ತಲೆಗೆ ಪೆಟ್ಟಾದ ಮಗು ಆಗ ಚೆನ್ನಾಗಿಯೇ ಇದ್ದು, ಆಮೇಲೆ ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ, ಕಿವಿ ಮೂಗುಗಳಿಂದ ರಕ್ತವೋ ನೀರೋ ಒಸರಿದರೆ ಬೆಳಗಾಗಲೆಂದು ಕಾಯಬಾರದು. ಬೆಂಗಳೂರಿನಲ್ಲಿ ತಲೆಪೆಟ್ಟಿಗೆ ನಿಮ್ಹಾನ್ಸ್ ಇದೆ, ಮೂಳೆಪೆಟ್ಟಿಗೆ ಜಯನಗರದ ಸಂಜಯ ಗಾಂಧಿ ಸಂಸ್ಥೆಯಿದೆ. ಎರಡೂ ಸಾರ್ವಜನಿಕ ಆಸ್ಪತ್ರೆಗಳು. ಪಡಿತರ ಚೀಟಿ ಜೊತೆಯಲ್ಲಿರಲಿ. ಇಲ್ಲದಿದ್ದರೂ ಮೊದಲು ಹೊರಡಿರಿ.

ಕೈಗೆ ಪೆಟ್ಟಾಗಿದ್ದರೆ ಎಣ್ಣೆ ಹಚ್ಚಿ ನೀವುವುದು, ಎಳೆಯುವುದು, ಉಳುಕು ತೆಗೆಯಿಸುವುದು ಯಾವುದೂ ಕೂಡದು. ಮಗುವಿನ ಮೊಳಕೈಯ ಮೇಲ್ಭಾಗದಲ್ಲಿ ಮೂಳೆ ಬಲು ತೆಳು, ಅದರ ಮುಂದೆಯೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಹಾದುಹೋಗಿದೆ. ಮುರಿದ ಮೂಳೆಯ ಚೂಪು ತುದಿಯನ್ನು ನೀವಿ ನೀವಿ ಆ ನಾಳಕ್ಕೆ ಚುಚ್ಚಿದಂತಾಗುತ್ತದೆ. ಮೊದಲು ಬಳೆ, ಉಂಗುರ, ಮಣಿಕಟ್ಟಿನ ದಾರ ಇವನ್ನು ತೆಗೆಯಿರಿ, ಊತ ಬಂದ ಮೇಲೆ ಅವು ಬರುವುದಿಲ್ಲ. ಕೈ ಇದ್ದ ಭಂಗಿಯಲ್ಲಿಯೇ, ಮಡಿಸಿದ ದಿನಪತ್ರಿಕೆಯನ್ನೋ ರಟ್ಟನ್ನೋ ಆಸರೆಯಾಗಿಟ್ಟು, ಟವೆಲಿನಿಂದ ಕೊರಳಿಗೆ ಸಡಿಲವಾಗಿ ತೂಗುಹಾಕಿರಿ. ಬೆರಳುಗಳು ಕಾಣುತ್ತಿರಬೇಕು. ತಿನ್ನಲು ಕುಡಿಯಲು ಏನೂ ಕೊಡಬೇಡಿರಿ, ಅರಿವಳಿಕೆ ಕೊಡಬೇಕಾಗಿ ಬರಬಹುದು.

ಆರಂಭದಲ್ಲಿ ಹೇಳಿದ ಬಾಲಕನಿಗೆ ಆದದ್ದು ಅದೇ ಮೂಳೆಯ ಮುರಿತ. ನೀವಿದ್ದರಿಂದ ಊತ ಹೆಚ್ಚಿತು. ಊದುತ್ತಿರುವ ಕೈಯ ಸುತ್ತ ದಬ್ಬೆ ಬಿಗಿದರೆ, ಬೆಳೆಯುವ ಗಿಡಕ್ಕೆ ತಂತಿ ಸುತ್ತಿದಂತೆ, ಒಳಗೆ ರಕ್ತ ಹರಿಯುವುದು ನಿಲ್ಲುತ್ತದೆ. ರಕ್ತವಿಲ್ಲದ ಮಾಂಸಖಂಡ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಎರಡನೆಯ ರಾತ್ರಿಯೆಲ್ಲ ಹುಡುಗ ಬೆರಳು ನೋವೆಂದು ಅತ್ತನಂತೆ. ಮುರಿದ ಕೈ ನೋಯುವುದು ಸಹಜವೆಂದು ಮನೆಯವರು ಸಮಾಧಾನ ಹೇಳಿದರಂತೆ. ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಮಾಡಿ ಕೈಯನ್ನು ಉಳಿಸಿದರು. ಆದರೆ ಬೆರಳುಗಳು ಒಳಮುಖವಾಗಿ ಸೆಟೆದುಕೊಂಡವು. ಅವನು ಈಗ ಎಡಗೈಯಲ್ಲಿ ಬರೆಯುತ್ತಾನೆ. ಅವನ ತಂದೆ ಪ್ರತಿ ಬಾರಿ ಬಂದಾಗಲೂ, ಮೊದಲ ದಿನವೇ ಬಂದಿದ್ದರೆ ಸರಿಹೋಗುತ್ತಿತ್ತೇ ಎಂದು ಕೇಳುತ್ತಾರೆ. ಸರಿಹೋಗುತ್ತಿತ್ತು. ಅದನ್ನು ಅವರೆದುರು ಹೇಳುವುದು ನನಗೆ ಕಷ್ಟವಾದುದರಿಂದ ನಿಮ್ಮೆದುರು ಹೇಳುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಮೊದಲ ದಿನ ಮತ್ತು ರಾತ್ರಿ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿರಿಸಿ, ಗಂಟೆ ಎರಡು ಗಂಟೆಗೊಮ್ಮೆ ಬೆರಳುಗಳನ್ನು ನೋಡಿರಿ. ಬೆಚ್ಚಗಿವೆಯೇ? ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಬೇಗ ಮರಳುತ್ತದೆಯೇ? ಮಗು ತಾನಾಗಿ ಬೆರಳಾಡಿಸುತ್ತದೆಯೇ? ನೀವು ಬೆರಳನ್ನು ಮೆಲ್ಲನೆ ನೆಟ್ಟಗೆ ಮಾಡಿದಾಗ ಚೀರಿಕೊಂಡರೆ, ಬೆರಳು ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಕೊಟ್ಟ ಮಾತ್ರೆಗೆ ನೋವು ತಗ್ಗದೆ ಏರುತ್ತಲೇ ಹೋದರೆ, ಆ ಹೊತ್ತಿನಲ್ಲಿಯೇ, ನಡುರಾತ್ರಿಯಾದರೂ ಸರಿ, ಪ್ಲಾಸ್ಟರು ಹಾಕಿದ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯಿರಿ. ಬಾಗಿಲು ತಟ್ಟಿದರೆ ಬೈಯುವರೆಂದು ಹೆದರಬೇಡಿರಿ. ರಾತ್ರಿ ಪಾಳಿಯ ವೈದ್ಯರು ಇರುವುದೇ ಅದಕ್ಕಾಗಿ.